‘ಲಂಕೇಶ್ ಇದ್ದಿದ್ದರೆ...’

ನಿನ್ನೆ ಸಂಜೆ ಒಂದು ಕಾರ್ಯಕ್ರಮಕ್ಕೆ ಹೋಗಿ ತಲೆ ಕೆಡಿಸಿಕೊಂಡು ಬಂದಿದ್ದೇನೆ. ‘ಲಂಕೇಶ್ ಪತ್ರಿಕೆ’ ನಡೆಸಿದ ಬರಹಗಾರ ಪಿ. ಲಂಕೇಶರ ನೆನಪಿನ ಕಾರ್ಯಕ್ರಮ. ನನ್ನ ಹಳೇ ಕೆಲಸ ಗೊತ್ತಿರುವವರು ‘ನಿನಗ್ಯಾಕೆ ಬೇಕಿತ್ತು’ ಅಂತ ಕೇಳಬೇಡಿ. ಕರೆದಿದ್ದರು, ಹೋದೆ.

ಭಾಷಣಕಾರರು ಮೈಕ್ ಹಿಡಿದ ಎರಡನೇ ನಿಮಿಷಕ್ಕೇ ಶುರು ಮಾಡಿದರು. ‘ಇವತ್ತು ಲಂಕೇಶ್ ಇದ್ದಿದ್ದರೆ...’ ನಾನು ಆಮಂತ್ರಣ ಪತ್ರಿಕೆಯ ಹಿಂದೆ ಗೀಟು ಹಾಕುತ್ತಾ ಕೂತೆ. ಒಟ್ಟು ಹನ್ನೊಂದು ಗೀಟು. ಹನ್ನೊಂದಕ್ಕೂ ಚಪ್ಪಾಳೆ. ಅವರ ಬೆನ್ನ ಹಿಂದೆ ಫ್ಲೆಕ್ಸು. ಅದರಲ್ಲಿ ಲಂಕೇಶರ ಕಪ್ಪು ಬಿಳುಪು ಮುಖ. ಕೆಳಗೆ ಆ ಮುಖಕ್ಕಿಂತ ದೊಡ್ಡದಾಗಿ ಒಂದು ಲೇಔಟ್ ಕಂಪನಿಯ ಹೆಸರು, ಸೈಟ್ ಬುಕಿಂಗಿಗೆ ಫೋನ್ ನಂಬರು. ಜಾಹೀರಾತೇ ಬೇಡ ಅಂತ ಪತ್ರಿಕೆ ನಡೆಸಿದ ಮನುಷ್ಯ ಸ್ವಾಮಿ! ಅವರ ಕೊರಳಿಗೇ ತರ್ಟಿ ಫಾರ್ಟಿ ಸೈಟು ಕಟ್ಟಿದ್ದಾರೆ. ಲಂಕೇಶ್ ಇದ್ದಿದ್ದರೆ ಮೊದಲು ಈ ಫ್ಲೆಕ್ಸಿನ ಬಗ್ಗೆಯೇ...

ನೋಡಿ, ನಾನೂ ಅಂದುಬಿಟ್ಟೆ. ಹನ್ನೆರಡನೇ ಗೀಟು.

ಜಾಹೀರಾತು ತಗೊಳ್ಳಲಿಲ್ಲ ಅನ್ನುವುದನ್ನು ಎಲ್ಲರೂ ಏನೋ ವ್ರತ ಮಾಡಿದರು ಅನ್ನೋ ಥರ ಹೇಳುತ್ತಾರೆ. ಅದು ವ್ರತ ಅಲ್ಲ, ಲೆಕ್ಕಾಚಾರ. ಪತ್ರಿಕೆ ಆಫೀಸಿನಲ್ಲಿ ಕೂತವರಿಗೆ ಗೊತ್ತು, ನೀವು ಕೊಡುವ ಕಾಸಿನಲ್ಲಿ ಪೇಪರಿನ ಖರ್ಚೇ ಹುಟ್ಟುವುದಿಲ್ಲ. ಉಳಿದಿದ್ದನ್ನು ತುಂಬುವವನು ಜಾಹೀರಾತು ಕೊಡುವವನು. ತುಂಬಿದವನ ಸುದ್ದಿ ಬಂದಾಗ ಸಂಪಾದಕರ ಪೆನ್ನು ತಾನಾಗಿಯೇ ನಿಧಾನವಾಗುತ್ತದೆ. ಯಾರೂ ಫೋನ್ ಕೂಡ ಮಾಡಬೇಕಿಲ್ಲ. 1980ರಲ್ಲಿ ತಮ್ಮ ವಾರಪತ್ರಿಕೆ ಶುರು ಮಾಡಿದಾಗ ಲಂಕೇಶ್ ಆ ಹಗ್ಗವನ್ನೇ ಕತ್ತರಿಸಿದರು. ದುಡ್ಡು ಬಂದರೆ ಓದುಗನಿಂದ, ಅಂಗಡಿಯಲ್ಲಿ ನೇತುಹಾಕಿದ ಪತ್ರಿಕೆ ಕೊಂಡವನಿಂದ. ಈ ವಾರ ಬೇಜಾರು ಮಾಡಿದರೆ ಮುಂದಿನ ವಾರ ಅವನು ಬರಲ್ಲ.

ಆಗ ಅವರಿಗೆ ನಲವತ್ತೈದು. ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಕತೆ, ಪದ್ಯ, ನಾಟಕ ಎಲ್ಲದರಲ್ಲೂ ಹೆಸರಿತ್ತು. ‘ಪಲ್ಲವಿ’ ಸಿನಿಮಾದ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು. ‘ಸಂಸ್ಕಾರ’ ಸಿನಿಮಾದಲ್ಲಿ ನಾರಣಪ್ಪನ ಪಾತ್ರ ಮಾಡಿದ್ದೂ ಇವರೇ. ಸತ್ತು ಮಲಗಿಯೂ ಇಡೀ ಅಗ್ರಹಾರದ ನಿದ್ದೆ ಕೆಡಿಸಿದ ಪಾತ್ರ. ಸುಮ್ನೆ ಸಿಕ್ಕಿತ್ತಾ ಅದು ಅವರಿಗೆ? ಆರಾಮಾಗಿ ಮೇಷ್ಟ್ರಾಗಿ ಉಳಿದು, ವರ್ಷಕ್ಕೊಂದು ಶಾಲು ಹೊದ್ದುಕೊಂಡು ಇದ್ದುಬಿಡಬಹುದಿತ್ತು. ಅದು ಬಿಟ್ಟು ‘ಜಾಣ ಜಾಣೆಯರ ಪತ್ರಿಕೆ’ ಅಂತ ಹೆಸರಿನ ಜೊತೆ ಬರೆದುಕೊಂಡು, ಆಗಿನ ಮುಖ್ಯಮಂತ್ರಿ ಗುಂಡೂರಾವ್ ಸರ್ಕಾರದ ಬೆನ್ನು ಹತ್ತಿದರು.

ಆ ‘ಜಾಣೆಯರ’ ಅನ್ನೋ ಮಾತನ್ನು ಭಾಷಣದಲ್ಲಿ ಯಾರೂ ಎತ್ತಲಿಲ್ಲ. ನನಗೆ ಅದೇ ಜಾಸ್ತಿ ಮುಖ್ಯ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿ. ಬಾನು ಮುಷ್ತಾಕ್ ವರದಿಗಾರ್ತಿಯಾಗಿದ್ದದ್ದು ಅಲ್ಲಿ. 2025ರಲ್ಲಿ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಾವೆಲ್ಲ ‘ಕನ್ನಡದ ಹೆಮ್ಮೆ’ ಅಂತ ಪೋಸ್ಟ್ ಹಾಕಿದ್ದೇ ಹಾಕಿದ್ದು. ಎಂಬತ್ತರ ದಶಕದಲ್ಲಿ ಅವರ ಕೈಗೆ ಪುಟ ಕೊಟ್ಟವರು ಯಾರು ಅಂತ ಎಷ್ಟು ಜನ ಕೇಳಿದರು?

ಸರಿ, ಇನ್ನೊಂದು ಮಾತೂ ಇದೆ. ಕಾಮೆಂಟಿನಲ್ಲಿ ಹೇಗೂ ಯಾರಾದರೂ ಹಾಕುತ್ತೀರಿ, ನಾನೇ ಹೇಳಿಬಿಡುತ್ತೇನೆ. ಲಂಕೇಶ್ ಒರಟು. ಸಿಟ್ಟು ಬಂದರೆ ಸ್ನೇಹಿತರನ್ನೂ ಬಿಡುತ್ತಿರಲಿಲ್ಲ. ಅವರನ್ನು ನೋಡಿ ಹುಟ್ಟಿಕೊಂಡ ಕೆಲವು ಟ್ಯಾಬ್ಲಾಯ್ಡ್‌ಗಳು ‘ನಿನ್ನ ಸುದ್ದಿ ಹಾಕ್ಲಾ, ಬಿಡ್ಲಾ’ ಅಂತ ಕೇಳಿಕೊಂಡೇ ಹೊಟ್ಟೆ ಹೊರೆದವು. ಹೌದು, ಒಪ್ಪಿದೆ. ಆದರೆ ಪಕ್ಕದ ಮನೆಯವನು ಕಲಬೆರಕೆ ಸಾರು ಮಾಡಿದ ಅಂತ ಇವರ ಒಲೆ ಆರಿಸಬೇಕಾ? ವಾರವಾರ ಅವರ ‘ಟೀಕೆ ಟಿಪ್ಪಣಿ’ ಅಂಕಣ ಓದಿದವರಿಗೆ ಗೊತ್ತು, ಆ ಸಿಟ್ಟಿನ ಹಿಂದೆ ಎಷ್ಟು ಓದು ಇತ್ತು ಅಂತ. ಬೈಗುಳ ಎಲ್ಲರೂ ಕಲಿತರು. ಓದುವುದು ಕಷ್ಟದ ಕೆಲಸ, ಬಿಟ್ಟರು.

ಇಷ್ಟು ಹಾರಾಡುವ ನಾನು ಏನು ಕಡಿದು ಕಟ್ಟೆ ಹಾಕಿದೆ? ಸಬ್ ಎಡಿಟರ್ ಆಗಿದ್ದಾಗ ಒಬ್ಬ ಶಾಸಕರ ಹುಟ್ಟುಹಬ್ಬಕ್ಕೆ ನಾಲ್ಕು ಪುಟದ ಪುರವಣಿ ಮಾಡಿದ್ದೇನೆ. ‘ಅಭಿವೃದ್ಧಿಯ ಹರಿಕಾರ’ ಅಂತ ಹೆಡ್ಡಿಂಗ್ ಕೊಟ್ಟವನು ನಾನೇ. ಆ ಹರಿಕಾರರ ಊರಿನ ರಸ್ತೆಯಲ್ಲಿ ಅದೇ ತಿಂಗಳು ನನ್ನ ಸ್ಕೂಟರಿನ ಶಾಕ್ ಅಬ್ಸಾರ್ಬರ್ ಹೋಯಿತು. ಒಂದು ಸಾಲು ಬರೆಯಲಿಲ್ಲ. ಸಂಬಳ ಬಂತು, ರಿಪೇರಿ ಮಾಡಿಸಿದೆ. ಇನ್ನೂ ಕೇಳಿ. ಗೆಳೆಯರೊಬ್ಬರು ಕಷ್ಟಪಟ್ಟು ನಡೆಸುವ ಸಣ್ಣ ಪತ್ರಿಕೆಯ ಚಂದಾ ಮುಗಿದು ಎರಡು ವರ್ಷವಾಯಿತು. ಅವರ ಮೆಸೇಜಿಗೆ ಕೈ ಮುಗಿಯುವ ಇಮೋಜಿ ಹಾಕಿ ಸುಮ್ಮನಾಗಿದ್ದೇನೆ. ಸತ್ತವರಾದರೆ ಚಂದಾ ಕೇಳಲ್ಲ ನೋಡಿ, ‘ಇದ್ದಿದ್ದರೆ’ ಅಂದುಕೊಂಡು ಇರಬಹುದು.

ನಿನ್ನೆ ನನಗೆ ನಿಜಕ್ಕೂ ಮೈ ಉರಿದದ್ದು ಇಲ್ಲಿ. ಲಂಕೇಶ್ ತೀರಿಕೊಂಡಿದ್ದು 2000ದ ಜನವರಿಯಲ್ಲಿ. ಆಮೇಲೆ ಅವರ ಮಗಳು ಗೌರಿ ಇದ್ದರಲ್ಲ? ಇಂಗ್ಲಿಷ್ ಪತ್ರಿಕೋದ್ಯಮ ಬಿಟ್ಟು ಬಂದು ಕನ್ನಡದಲ್ಲಿ ಬರೆಯಲು ಕಲಿತರು. 2005ರಿಂದ ತಮ್ಮದೇ ವಾರಪತ್ರಿಕೆ ಮಾಡಿದರು. ಅದಕ್ಕೂ ಜಾಹೀರಾತಿಲ್ಲ. 2016ರಲ್ಲಿ ಮಾನನಷ್ಟ ಕೇಸಿನಲ್ಲಿ ಹುಬ್ಬಳ್ಳಿ ಕೋರ್ಟು ಆರು ತಿಂಗಳ ಶಿಕ್ಷೆ ಹಾಕಿದಾಗ ಜಾಮೀನು ತಗೊಂಡು ಮತ್ತೆ ಅದೇ ಕೆಲಸಕ್ಕೆ ಕೂತರು. 2017ರ ಸೆಪ್ಟೆಂಬರ್ 5ರ ರಾತ್ರಿ, ಆಫೀಸಿನಿಂದ ಬಂದ ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಇದ್ದಾಗ ಅವರ ಪತ್ರಿಕೆಯನ್ನು ಎಷ್ಟು ಜನ ಕೊಂಡು ಓದಿದೆವು? ನಾನು ಅಪರೂಪಕ್ಕೆ, ಅದೂ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಲೇಟಾದಾಗ. ನಿನ್ನೆಯ ಭಾಷಣದಲ್ಲಿ ಅವರ ಹೆಸರು ಒಂದು ಸಲವೂ ಬರಲಿಲ್ಲ. ಹನ್ನೊಂದು ಸಲ ‘ಇದ್ದಿದ್ದರೆ’, ಇದ್ದವರ ಬಗ್ಗೆ ಸೊನ್ನೆ. ಕೊನೆಗೆ ಉಪ್ಪಿಟ್ಟು ಕೇಸರಿಬಾತ್. ನಾನು ತಿಂದೆ, ಸುಳ್ಳು ಹೇಳಲ್ಲ.

ಮನೆಗೆ ಬಂದು ಅಟ್ಟದ ಟ್ರಂಕು ಇಳಿಸಿದೆ. ಅಪ್ಪ ಕಟ್ಟಿಟ್ಟಿದ್ದ ಲಂಕೇಶ್ ಪತ್ರಿಕೆಗಳನ್ನು ಅಮ್ಮ ಯಾವಾಗಲೋ ರದ್ದಿಗೆ ಹಾಕಿದ್ದರು. ಒಂದೇ ಒಂದು ಹಾಳೆ ಉಳಿದಿತ್ತು, ನಡುವೆ ಚೌಕಾಕಾರದ ತೂತು. ನೋಡಿದ ತಕ್ಷಣ ನೆನಪಾಯಿತು. ಅಕ್ಕ ವಾರವಾರ ಲಂಕೇಶರ ‘ನೀಲು’ ಪದ್ಯ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಿದ್ದಳು. ಹಿಂಬದಿಯಲ್ಲಿ ಯಾರೋ ಮಂತ್ರಿಯ ಹಗರಣ. ‘ಅವನು ಎಷ್ಟು ತಿಂದ ಅನ್ನೋ ಜಾಗವನ್ನೇ ಕತ್ತರಿಸಿದ್ದೀಯಲ್ಲೇ!’ ಅಂತ ಅಪ್ಪ ಕೂಗಾಡಿದ್ದರು.

ರಾತ್ರಿಯೇ ಅಕ್ಕನಿಗೆ ಫೋನ್ ಮಾಡಿದೆ. ನೋಟ್‌ಬುಕ್ ಇದೆಯಂತೆ. ನಾಳೆ ಬರುತ್ತೇನೆ, ಆ ಪದ್ಯ ಸ್ವಲ್ಪ ಬಿಡಿಸಿ ಹಿಂದೆ ಏನಿದೆ ನೋಡೋಣ ಅಂದೆ.

‘ಗೋಂದು ಹಾಕಿ ಅಂಟಿಸಿದ್ದು ಕಣೋ. ಆ ಮಂತ್ರಿಗೋಸ್ಕರ ನನ್ನ ನೀಲು ಹರೀತೀಯಾ? ಮುಟ್ಟಬೇಡ’ ಅಂದಳು.