ಕ್ಯಾರೆಟ್ ಕಿತ್ತು ಪಾವನರಾದವರು

ಊಟಿ ಅಂದ್ರೆ ಮೊದ್ಲೆಲ್ಲಾ ಬೊಟಾನಿಕಲ್ ಗಾರ್ಡನ್ನು, ಬೋಟಿಂಗು, ಹೋಮ್‌ಮೇಡ್ ಚಾಕ್ಲೇಟು, ಅಷ್ಟೇ. ಈಗ ಲಿಸ್ಟಿಗೆ ಹೊಸ ಪುಣ್ಯಕ್ಷೇತ್ರ ಸೇರಿದೆ, ತರಕಾರಿ ತೋಟ. ನಮ್ ಬೆಂಗ್ಳೂರಿನ ಜನ ನಿದ್ದೆಗೆಟ್ಟು ಡ್ರೈವ್ ಮಾಡ್ಕೊಂಡು ಹೋಗಿ, ಬಂಡೀಪುರದ ಗೇಟು ಬೆಳಿಗ್ಗೆ 6ಕ್ಕೆ ತೆಗೆಯೋದನ್ನೇ ಕಾದು, 2024ರಿಂದ ಶುರುವಾದ ಇ-ಪಾಸ್ ತೋರ್ಸಿ, ನೀಲಗಿರೀಲಿ ಬ್ಯಾನ್ ಆಗಿರೋ ಪ್ಲಾಸ್ಟಿಕ್ ಬಾಟ್ಲಿನ ಸೀಟ್ ಕೆಳಗೆ ತಳ್ಳಿ, ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ನಲ್ಲಿ ಒಂದೆರಡು ಸಲ ವಾಂತಿನೂ ಮಾಡಿ, 2,200 ಮೀಟರ್ ಮೇಲೆ ಹತ್ತಿ ಕಂಡುಹಿಡಿಯೋದು ಏನಪ್ಪಾ ಅಂದ್ರೆ, ಕ್ಯಾರೆಟ್ ಮಣ್ಣೊಳಗಿರುತ್ತಂತೆ!

ಊಟಿ ಪಕ್ಕದ ಕೇತಿ ಕಣಿವೆ ಕಡೆ ಮೆಟ್ಲು ಮೆಟ್ಲಾಗಿರೋ ಹೊಲಕ್ಕೆ ಬಿಳಿ ಶೂ ಹಾಕ್ಕೊಂಡು ಇಳೀತಾರೆ. ತೋಟದ ಅಜ್ಜ ನೀಲಗಿರಿಯ ಬಡಗ ಸಮುದಾಯದೋರು, ಅವ್ರು ಆಡೋ ಮಾತು ನಮ್ ಕನ್ನಡದ ದಾಯಾದಿ, ಸ್ವಲ್ಪ ಕಿವಿ ಕೊಟ್ರೆ ಅರ್ಧ ಅರ್ಥ ಆಗುತ್ತೆ, ನಮ್ಮೋನು ಮಾತ್ರ "ಅಂಕಲ್, ಹೌ ಮಚ್ ಫಾರ್ ಪುಲ್ಲಿಂಗ್?" ಅಂತಾನೆ. ಆಮೇಲೆ ಇನ್ನೂ ಬೆರಳು ಗಾತ್ರನೂ ಬರದಿರೋದನ್ನ ಕಿತ್ತು "ಗೈಸ್, ಫುಲ್ ಆರ್ಗ್ಯಾನಿಕ್" ಅಂತ ರೀಲ್ಸು. ಹಿಂದೆ ಔಷಧಿ ಡ್ರಮ್ಮು ಫ್ರೇಮಲ್ಲೇ ಇರುತ್ತೆ, ಅದಕ್ಕೊಂದು ಫಿಲ್ಟರ್. ಮೂರು ಮೂರೂವರೆ ತಿಂಗಳ ಬೆಳೆ ಅದು, ಮಧ್ಯದಲ್ಲಿ ಡಿಸೆಂಬರ್ ಜನವರಿಯ ಇಬ್ಬನಿ ಹೆಪ್ಪುಗಟ್ಟಿ ಸೊಪ್ಪು ಸುಡುತ್ತೆ, ರಾತ್ರಿ ಕಾಟಿ, ಅಂದ್ರೆ ಕಾಡುಕೋಣ, ನುಗ್ಗುತ್ತೆ. ಕಾಟಿನೇ ವಾಸಿ ಬಿಡಿ, ಕಿತ್ತಿದ್ದನ್ನ ತಿಂದಾದ್ರೂ ಹೋಗುತ್ತೆ, ಇವ್ರು ಫೋಟೋ ಆದ್ಮೇಲೆ ಬದುವಿಗೆ ಎಸೀತಾರೆ.

ಬೆಳಕು ಹರಿಯೋ ಮುಂಚೆನೇ ಹೆಂಗಸ್ರು ಚಳೀಲಿ ಸೊಂಟ ಬಗ್ಗಿಸಿ ಕೀಳೋದು, ಮಿಷನ್ನಲ್ಲಿ ತೊಳೆದು ಮೂಟೆ ಕಟ್ಟಿ ಬೆಟ್ಟದ ಕೆಳಗಿನ ಮೆಟ್ಟುಪಾಳ್ಯಂ ಮಂಡಿಗೆ ಲಾರಿ ಹತ್ತಿಸೋದು, ಅಲ್ಲಿ ಇವತ್ತು ಏನ್ ರೇಟೋ ಅಂತ ರೈತ ಫೋನ್ ಹಿಡ್ಕೊಂಡು ಕೂರೋದು, ಇದ್ಯಾವುದೂ ಟೂರ್ ಪ್ಯಾಕೇಜಲ್ಲಿ ಇಲ್ಲ, ಅಷ್ಟೊತ್ತಿಗೆ ರೆಸಾರ್ಟಲ್ಲಿ ಬ್ರೇಕ್‌ಫಾಸ್ಟ್ ಬಫೆಟ್ ಇನ್ನೂ ಓಪನ್ ಆಗಿರಲ್ವಲ್ಲ. ತೋಟದಲ್ಲಿ ಎಂಟ್ರಿ ಫೀ ಕೇಳಿದ್ರೆ ಗೂಗಲ್ ಪೇ ಟಣ್ ಅನ್ನುತ್ತೆ, ಅದೇ ಜನ ವಾಪಸ್ ಬಂದು ತಳ್ಳೋಗಾಡಿಯವಳ ಹತ್ರ ಹತ್ತು ರೂಪಾಯಿಗೆ ಕಾಲು ಗಂಟೆ ಜಗಳ ಆಡಿ ಮೇಲೆ ಕೊತ್ತಂಬರಿ ಫ್ರೀ ಕೇಳ್ತಾರೆ.

ಅಷ್ಟೊಂದು ಕೃಷಿ ಪ್ರೀತಿ ಇದ್ರೆ ನಮ್ ಕೋಲಾರನೇ ಇದೆಯಲ್ಲ, ಬೆಂಗ್ಳೂರಿಂದ ಎರಡು ಗಂಟೆ ದಾರಿ. ರೇಟ್ ಬಿದ್ದಾಗ ಕ್ರೇಟ್‌ಗಟ್ಲೆ ಟೊಮೆಟೊ ರಸ್ತೆಗೆ ಸುರೀತಾರೆ, ಇ-ಪಾಸ್ ಬೇಡ, ಎಂಟ್ರಿ ಫೀ ಇಲ್ಲ, ಎಷ್ಟು ಬೇಕಾದ್ರೂ ಕೈಯಾರೆ ಎತ್ಕೋಬಹುದು. ಕೇಳಿ ನೋಡಿ, ಒಬ್ರೂ ಬರಲ್ಲ. ಅಲ್ಲಿ ಮಂಜಿಲ್ವಂತೆ, ಬ್ಯಾಕ್‌ಗ್ರೌಂಡ್ ಚೆನ್ನಾಗಿ ಬರಲ್ವಂತೆ.