ಧೂಳಿನ ಮುಯ್ಯಿ

ಈ ಬೇಸಿಗೆಯಲ್ಲಿ ನಮ್ಮನೆ ಸಂಡಿಗೆ ಅರಳಲಿಲ್ಲ. ಕಾದ ಎಣ್ಣೆಗೆ ಬಿಟ್ಟರೆ ಸೀದಾ ಬಾಣಲೆಯ ತಳಕ್ಕೆ ಹೋಗಿ ತಪಸ್ಸಿಗೆ ಕೂತುಬಿಟ್ಟಿತು. ಎರಡನೆಯದೂ ಅಷ್ಟೆ, ಮೂರನೆಯದೂ ಅಷ್ಟೆ. ಅಕ್ಕಿ ಸರಿಯಿರಲಿಲ್ಲವೋ, ಹಿಟ್ಟಿನ ಹದ ತಪ್ಪಿತೋ ಅಂತ ಅಮ್ಮ ತಲೆಕೆಡಿಸಿಕೊಂಡಳು. ಒಂದನ್ನು ಬಾಯಿಗೆ ಹಾಕಿ ಕಡಿದೆ. ಕರಕರ ಅಂದಿತು, ಆದರೆ ಅದು ಸಂಡಿಗೆಯ ಕರಕರ ಅಲ್ಲ. ಮಹಡಿ ಮೇಲೆ ಮೂರು ದಿನ ಒಣಗುವಾಗ ಪಕ್ಕದ ಸೈಟಿನಲ್ಲಿ ಇಳಿಸಿದ ಸಿಮೆಂಟು ಮೂಟೆಗಳು ತಮ್ಮ ಪಾಲನ್ನು ಅದಕ್ಕೂ ಕೊಟ್ಟಿದ್ದವು. ಮೂಟೆಯ ಮೇಲೆ '53 ಗ್ರೇಡ್' ಅಂತ ಅಚ್ಚು ಹಾಕಿರುತ್ತಾರಲ್ಲ, ಅದು 28 ದಿನಕ್ಕೆ ಎಷ್ಟು ಗಟ್ಟಿಯಾಗುತ್ತದೆ ಅನ್ನುವ ಲೆಕ್ಕ. ನಾವು ಆತುರಪಟ್ಟು ಮೂರೇ ದಿನಕ್ಕೆ ಡಬ್ಬಿಗೆ ತುಂಬಿದ್ದು ತಪ್ಪು. 28 ದಿನ ಬಿಟ್ಟಿದ್ದರೆ ಅದೇ ಸಂಡಿಗೆಯಲ್ಲಿ ಕಾಂಪೌಂಡ್ ಎಬ್ಬಿಸಬಹುದಿತ್ತು.

ಪಕ್ಕದ ತರ್ಟಿ-ಫಾರ್ಟಿ ಸೈಟಿನಲ್ಲಿ ಮೊನ್ನೆ ಮೊನ್ನೆಯವರೆಗೂ ಒಂದು ಹೆಂಚಿನ ಮನೆ ಇತ್ತು, ಗೇಟಿನ ಪಕ್ಕ ಒಂದು ಸಂಪಿಗೆ ಮರ. ಅಜ್ಜಿ ತೀರಿಕೊಂಡ ಮೇಲೆ ಮಕ್ಕಳು ಮಾರಿಕೊಂಡರು. ಒಂದು ಬೆಳಿಗ್ಗೆ ಜೆಸಿಬಿ ಬಂತು. ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಮನೆಯೂ ಇಲ್ಲ, ಮರವೂ ಇಲ್ಲ. 'ಧೂಳೀಪಟ' ಅನ್ನುವ ಮಾತನ್ನು ನಾನು ಅಲ್ಲಿಯವರೆಗೆ ಕ್ರಿಕೆಟ್ ವರದಿಗಳಲ್ಲಿ ಮಾತ್ರ ಓದಿದ್ದೆ. ಅವತ್ತು ಮೂಗಿನಿಂದ ಎಳೆದುಕೊಂಡು ಅರ್ಥ ಮಾಡಿಕೊಂಡೆ. ಆಮೇಲೆ ಅಲ್ಲಿ ಐದು ಅಂತಸ್ತು ಏಳತೊಡಗಿತು. 'ಮನೆ ಕಟ್ಟಿ ನೋಡು' ಅಂದ ಹಿರಿಯರು ಆ ಗಾದೆ ಕಟ್ಟುವ ಮುಂಚೆ ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಬಹುದಿತ್ತು.

ಕೆಲಸವೇನೋ ಶಾಸ್ತ್ರೋಕ್ತವಾಗಿಯೇ ಶುರುವಾಯಿತು. ಮುಹೂರ್ತ ನೋಡಿದರು, ವಾಸ್ತು ನೋಡಿದರು, ಗುದ್ದಲಿ ಪೂಜೆಗೆ ಬೂದುಗುಂಬಳ ಒಡೆದರು. ಮೊದಲ ಪಿಲ್ಲರ್ ತಲೆ ಎತ್ತಿದ್ದೇ ತಡ, ಕೋರೆಹಲ್ಲಿನ, ಗಿರಿಜಾ ಮೀಸೆಯ ದೃಷ್ಟಿ ಬೊಂಬೆಯೊಂದು ನಮ್ಮ ಬಾಲ್ಕನಿಗೆ ಮುಖ ಮಾಡಿ ನೇತಾಡತೊಡಗಿತು. ನಮ್ಮ ಕಣ್ಣು ಅವರ ಕಟ್ಟಡದ ಮೇಲೆ ಬೀಳದ ಹಾಗೆ ಇಷ್ಟೆಲ್ಲ ಬಂದೋಬಸ್ತು. ಅವರ ಕಟ್ಟಡ ನಮ್ಮ ಕಣ್ಣಿಗೆ ಬೀಳದ ಹಾಗೆ ಮಾಡಿದ ಬಂದೋಬಸ್ತು ಅಂದರೆ ಒಂದು ಹಸಿರು ಬಲೆ. ಮೇಲೆ ಎರಡು ಗಂಟು, ಕೆಳಗೆ ದೇವರೇ ಗತಿ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯಲು ಬಹಳ ಅನುಕೂಲವಾಗಿದೆ.

ಮನೆಗೆಲಸದಲ್ಲೂ ಒಂದಷ್ಟು ಉಳಿತಾಯ ಆಯಿತೆನ್ನಿ. ಬೆಳಿಗ್ಗೆ ಎದ್ದು ರಂಗೋಲಿ ಹಾಕಲು ಪುಡಿ ಬೇಕಿಲ್ಲ, ಬೆರಳು ಸಾಕು. ಹೊಸಿಲಾಚೆ ಕೂತಿರುವುದರ ಮೇಲೆ ಗೆರೆ ಎಳೆದರೆ ಆಯಿತು. ನೆಲ ಒರೆಸಿದರೆ ಬೂದುಬಣ್ಣದ ಗಂಜಿ, ಒಣಗಿದ ಮೇಲೆ ಅದೇ ಭೂಪಟ. ತುಳಸಿ ಎಲೆಯ ಮೇಲೆ ರಾತ್ರಿ ಧೂಳು ಕೂರುತ್ತದೆ, ಬೆಳಗಿನ ಜಾವ ಇಬ್ಬನಿ ಬೀಳುತ್ತದೆ, ಬಿಸಿಲೇರುವ ಹೊತ್ತಿಗೆ ಎಲೆಗೆ ತೆಳ್ಳಗೆ ಪ್ಲಾಸ್ಟರಿಂಗ್ ಆಗಿರುತ್ತದೆ. ಉಗುರಿನಿಂದ ಕೆರೆದರೆ ಚಿಪ್ಪಿನ ಹಾಗೆ ಏಳುತ್ತದೆ, ಜೊತೆಗೆ ಎಲೆಯ ಹಸಿರೂ. ಎಲೆಯ ಮೇಲೆ ನಡೆಯುವುದು ಗಂಟಲಿನ ಪಸೆಯಲ್ಲಿ ಎಷ್ಟು ನಡೆಯುತ್ತದೆ ಅಂತ ನಾನು ಯೋಚನೆ ಮಾಡಲು ಹೋಗಿಲ್ಲ.

ಹಾಗಂತ ಕಾನೂನು ಇಲ್ಲ ಅಂದೀರಿ. ದಂಡಿಯಾಗಿದೆ. ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಒಂದು ರಾತ್ರಿ ಕೆಮ್ಮಿನಿಂದ ನಿದ್ದೆ ಬಾರದೆ ಪೂರ್ತಿ ಓದಿದೆ. ಗಾಳಿಗೆ ಅಡ್ಡವಾಗಿ ಕಟ್ಟಡದ ಮೂರನೇ ಒಂದರಷ್ಟು, ಹೆಚ್ಚೆಂದರೆ 10 ಮೀಟರ್ ಎತ್ತರದ ತಡೆ ಇರಬೇಕಂತೆ. ನೀರು ಚಿಮುಕಿಸಬೇಕಂತೆ. ಮಣ್ಣು, ಮರಳು ಮುಚ್ಚಿಡಬೇಕಂತೆ, ರಸ್ತೆ ಬದಿಗೆ ಸುರಿಯಲೇಬಾರದಂತೆ. ಕಲ್ಲು, ಟೈಲ್ಸನ್ನು ಬಯಲಲ್ಲಿ ಕೊಯ್ಯುವಂತಿಲ್ಲವಂತೆ. ಏಳು ಸಮುದ್ರದಾಚೆಯ ಊರಿನ ಕಥೆ ಕೇಳಿದ ಹಾಗಾಗಿ ಸುಖವಾಗಿ ನಿದ್ದೆ ಬಂತು.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು, ಧೂಳು ತಡೆಯಲು ಏನೇನು ಮಾಡಿದ್ದೀರಿ ಅಂತ ಜನರಿಗೆ ಕಾಣುವ ಹಾಗೆ ಬೋರ್ಡು ಹಾಕಬೇಕು ಅನ್ನುವ ನಿಯಮ. ನಮ್ಮ ಹಿಂದಿನ ರಸ್ತೆಯಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿದೆ. ಅದರ ಹೆಸರಿನಲ್ಲಿ ಗ್ರೀನೂ ಇದೆ, ಬ್ರೀಜೂ ಇದೆ, ಲೇಕೂ ಇದೆ. ಸುಳ್ಳು ಹೇಳಬಾರದು, ಅವರು ಬೋರ್ಡು ಹಾಕಿದ್ದಾರೆ. ಆದರೆ ಮೇಲೆ ಒಂದು ಬೆರಳು ದಪ್ಪ ಧೂಳು ಕೂತು ಏನು ಬರೆದಿದೆ ಅಂತ ಗೊತ್ತಾಗುವುದಿಲ್ಲ. ಒಂದು ದಿನ ಕರ್ಚೀಫು ತೆಗೆದು ಒರೆಸಿದೆ. 'ಧೂಳು' ಅನ್ನುವಷ್ಟು ಕಂಡಿತು. 'ನಿಯಂತ್ರಣ' ಕಾಣುವಷ್ಟರಲ್ಲಿ ಸೆಕ್ಯೂರಿಟಿಯವನು ಓಡಿ ಬಂದು "ಮುಟ್ಟಬಾರದು ಸಾರ್" ಅಂದ.

ನೀರು ಚಿಮುಕಿಸುವುದಿಲ್ಲ ಅನ್ನುವುದೂ ಅನ್ಯಾಯ. ಕಾಂಕ್ರೀಟಿಗೆ ದಿನಕ್ಕೆ ಮೂರು ಹೊತ್ತು ಪೈಪು ಹಿಡಿದು ನೀರುಣಿಸುತ್ತಾರೆ, ಮೇಲೆ ಒದ್ದೆ ಗೋಣಿ ಹೊದಿಸುತ್ತಾರೆ. ಬಾಣಂತಿಗೂ ಆ ಆರೈಕೆ ಇಲ್ಲ. ಯಾಕೆಂದರೆ ಒಣಗಿದರೆ ಕಾಂಕ್ರೀಟು ಬಿರುಕು ಬಿಡುತ್ತದೆ. ಅಕ್ಕಪಕ್ಕದವರು ಬಿರುಕು ಬಿಡುವುದಿಲ್ಲ, ಬರೀ ಕೆಮ್ಮುತ್ತಾರೆ.

ಇನ್ನು ಪರಿಸರ ಅನುಮತಿಯ ಗಣಿತ. 20 ಸಾವಿರ ಚದರ ಮೀಟರಿನಿಂದ ಮೇಲಿನ ಕಟ್ಟಡಕ್ಕೆ ಅದು ಬೇಕು, ಕೆಳಗಿದ್ದರೆ ಬೇಡ. ತರ್ಟಿ-ಫಾರ್ಟಿ ಅಂದರೆ 111 ಚದರ ಮೀಟರ್ ಚಿಲ್ಲರೆ. ಐದು ಅಂತಸ್ತು ಎಬ್ಬಿಸಿದರೂ ಸುಮಾರು 500. ಅಂದರೆ ನಮ್ಮ ಬಡಾವಣೆಯಲ್ಲಿ ಇಂಥ 40 ಮನೆ ಒಟ್ಟಿಗೆ ಎದ್ದರೆ 20 ಸಾವಿರದ ಧೂಳು ಎದ್ದ ಹಾಗಾಯಿತು. ಆದರೆ 40 ಸಲ ಸೊನ್ನೆ ಕೂಡಿದರೂ ಸೊನ್ನೆಯೇ ತಾನೆ? ಕಾಗದದ ಲೆಕ್ಕ ಅದು. ಮೂಗಿನ ಹೊಳ್ಳೆಗಳಿಗೆ ಚದರ ಮೀಟರ್ ಓದಲು ಬರುವುದಿಲ್ಲ, ಅವು ಎಲ್ಲದಕ್ಕೂ ಒಂದೇ ಥರ ಸೀನುತ್ತವೆ.

ದೂರು ಕೊಟ್ಟಿರಾ ಅಂತ ಕೇಳುತ್ತೀರಿ. ಕೊಟ್ಟೆ. ಕೊಡುವಾಗ ತಿಳಿದ ಸಂಗತಿ: ಧೂಳು ನೆಲದ ಮೇಲಿದ್ದರೆ ಅದು ಕಸ, ಒಂದು ಕಚೇರಿ. ಗಾಳಿಗೆ ಎದ್ದರೆ ಮಾಲಿನ್ಯ, ಇನ್ನೊಂದು ಕಚೇರಿ. ರಸ್ತೆಯಲ್ಲಿ ರಾಶಿ ಬಿದ್ದರೆ ಸಂಚಾರಕ್ಕೆ ಅಡ್ಡಿ, ಮತ್ತೊಂದು ಕಚೇರಿ. ನಿಮ್ಮ ಶ್ವಾಸಕೋಶಕ್ಕೆ ಇಳಿಯಿತೋ, ಅದು ನಿಮ್ಮ ಖಾಸಗಿ ವಿಷಯ. ಈ ಊರಿನಲ್ಲಿ ಎ ಖಾತೆ, ಬಿ ಖಾತೆ, ಇ-ಖಾತೆ ಅಂತ ಪ್ರತಿ ಅಡಿ ಜಾಗಕ್ಕೂ ಒಂದು ಖಾತೆ ಇದೆ. ಯಾವ ಖಾತೆಗೂ ಸೇರದೆ ಎಲ್ಲರ ಮನೆಯಲ್ಲೂ ಅಡ್ವಾನ್ಸ್ ಕೊಡದೆ ವಾಸ ಮಾಡುತ್ತಿರುವುದು ಇದೊಂದೇ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಧೂಳಿಗೆ ಯಾರೂ ಈ ಸುದ್ದಿ ಮುಟ್ಟಿಸಿದಂತಿಲ್ಲ, ಅದು ಇನ್ನೂ ಅಖಂಡ ಬೆಂಗಳೂರಿನಲ್ಲೇ ಓಡಾಡಿಕೊಂಡಿದೆ.

ಆ್ಯಪಿನಲ್ಲಿ ದೂರು ಕೊಡಲು ಫೋಟೋ ಬೇಕು. ಟೈಲ್ಸ್ ಕೊಯ್ಯುತ್ತಿದ್ದಾಗಲೇ ಬಾಲ್ಕನಿಗೆ ಹೋಗಿ ತೆಗೆದು ಹಾಕಿದೆ. ಮರುದಿನ ಉತ್ತರ ಬಂತು: 'ಫೋಟೋ ಮಸುಕಾಗಿದೆ. ಸ್ಪಷ್ಟ ಚಿತ್ರ ಲಗತ್ತಿಸಿ.' ಸ್ಪಷ್ಟ ಚಿತ್ರ ಬರಬೇಕಾದರೆ ಧೂಳು ನಿಲ್ಲಬೇಕು, ಧೂಳು ನಿಲ್ಲಬೇಕಾದರೆ ಸ್ಪಷ್ಟ ಚಿತ್ರ ಬೇಕು. ಕೊನೆಗೆ ಮದುವೆಯ ಫೋಟೋ ತೆಗೆಯುವ ಗೆಳೆಯನ ದೊಡ್ಡ ಕ್ಯಾಮೆರಾದಲ್ಲಿ ಒಂದೊಂದು ಕಣವೂ ಕಾಣುವ ಹಾಗೆ ತೆಗೆಸಿ ಹಾಕಿದೆ. ಹನ್ನೆರಡು ದಿನ ಬಿಟ್ಟು 'ಪರಿಹರಿಸಲಾಗಿದೆ' ಅಂತ ಸಂದೇಶ ಬಂತು. ನಿಜಕ್ಕೂ ಅವತ್ತು ಧೂಳಿರಲಿಲ್ಲ. ಹಿಂದಿನ ರಾತ್ರಿ ಮಳೆ ಸುರಿದಿತ್ತು.

ಫೋನಿನಲ್ಲಿ ಗಾಳಿಯ ಗುಣಮಟ್ಟ ನೋಡಿದರೆ 'ಸಮಾಧಾನಕರ' ಅನ್ನುತ್ತದೆ. ಅಳೆಯುವ ಯಂತ್ರ ಇರುವುದು ನಾಲ್ಕೈದು ಕಿಲೋಮೀಟರ್ ಆಚೆ. ಅಲ್ಲಿ ಯಾರಿಗೋ ಸಮಾಧಾನ ಆಗಿರಬೇಕು, ಸಂತೋಷ. ಏನಾದರೂ ಅಂದರೆ "ಡೆಲ್ಲಿ ನೋಡಿ ಸಾರ್, ನಮ್ದು ಎಷ್ಟೋ ವಾಸಿ" ಅನ್ನುತ್ತಾರೆ. ಅದೇ ನನ್ನ ಸಂಕಟ. ಡೆಲ್ಲಿಯಲ್ಲಿ ಗಾಳಿ ತೀರಾ ಕೆಟ್ಟರೆ ಕಟ್ಟಡ ಕೆಲಸ ನಿಲ್ಲಿಸುವ ಪದ್ಧತಿಯಾದರೂ ಇದೆ. ನಮ್ಮದು ಅಷ್ಟು ಕೆಡುವುದೂ ಇಲ್ಲ, ಇವರು ನಿಲ್ಲಿಸುವುದೂ ಇಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ನಾಲ್ಕೂ ಇವೆ. ಗಾಳಿ ಗುಣಮಟ್ಟದ ಪರೀಕ್ಷೆಯಲ್ಲಿ ಫೇಲಾದವರ ಪಟ್ಟಿ ಅದು. ವಾಸಿ ಅನ್ನುವವರು ಒಮ್ಮೆ ಅದನ್ನೂ ನೋಡಬಹುದು.

ಡಾಕ್ಟರ ಹತ್ತಿರ ಹೋದೆ. ಹಿಂದೆಲ್ಲ ಬೆಂಗಳೂರಿನಲ್ಲಿ ಉಬ್ಬಸ ಅಂದರೆ ಡಾಕ್ಟರು ಮೊದಲು ಬೈಯುತ್ತಿದ್ದುದು ಕಾಂಗ್ರೆಸ್ ಗಿಡಕ್ಕೆ. ಈಗ ಆ ಗಿಡ ಬೆಳೆಯಲು ಖಾಲಿ ಸೈಟು ಎಲ್ಲಿದೆ? ಸ್ಟೆತಾಸ್ಕೋಪು ಕಿವಿಗೆ ಸಿಕ್ಕಿಸುವ ಮುಂಚೆಯೇ "ಮನೆ ಪಕ್ಕ ಏನಾದ್ರೂ ಕಟ್ತಿದಾರಾ?" ಅಂದರು. ಮಾತ್ರೆ ಬರೆದರು, ಪಂಪು ಬರೆದರು, "ಸಾಧ್ಯವಾದರೆ ಆರು ತಿಂಗಳು ಬೇರೆ ಕಡೆ ಇರಿ" ಅಂದರು. ಅಷ್ಟರಲ್ಲಿ ತಲೆಯ ಮೇಲೆ ಡ್ರಿಲ್ಲಿಂಗ್ ಶುರುವಾಯಿತು. ಕ್ಲಿನಿಕ್ಕಿನ ಓನರು ಮೇಲೊಂದು ಮಹಡಿ ಎತ್ತುತ್ತಿದ್ದಾರಂತೆ. ಡಾಕ್ಟರು ಕೆಮ್ಮಿದರು, ನಾನು ಕೆಮ್ಮಿದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಸುಮ್ಮನಾದೆವು.

ತಡೆಯಲಾರದೆ ಒಂದು ದಿನ ಸೈಟಿಗೇ ಹೋದೆ, ಜಗಳ ತೆಗೆಯುವ ಪೂರ್ತಿ ಸಿದ್ಧತೆಯಲ್ಲಿ. ಫುಟ್‌ಪಾತಿನಲ್ಲಿ ಕೂತು ಒಬ್ಬ ಹುಡುಗ ಗ್ರಾನೈಟ್ ಕೊಯ್ಯುತ್ತಿದ್ದ. ಇಪ್ಪತ್ತು ವರ್ಷ ಇರಬಹುದು, ಯಾದಗಿರಿ ಕಡೆಯವನು. ರೆಪ್ಪೆ, ಹುಬ್ಬು, ತಲೆ ಎಲ್ಲ ಬೆಳ್ಳಗಾಗಿ ಅವನ ಅಜ್ಜನ ಹಾಗೆ ಕಾಣುತ್ತಿದ್ದ. ಮೂಗಿಗೆ ಒಂದು ಟವೆಲ್. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿಯಾಗಿದೆ. ಆಗ ಇವನು ಹುಟ್ಟೂ ಇರಲಿಲ್ಲ. ಕಲ್ಲಿನ ಮೇಲೆ ನೀರು ಬಿಟ್ಟುಕೊಂಡು ಕೊಯ್ದರೆ ಮುಕ್ಕಾಲು ಧೂಳು ಏಳುವುದೇ ಇಲ್ಲವಲ್ಲ ಅಂದೆ. "ನೀರ್ ಟ್ಯಾಂಕರ್ದು ರೀ, ಓನರ್ ಬೈತಾರ" ಅಂದ. ನನಗೆ ಮುಚ್ಚಿಕೊಳ್ಳಲು ಕಿಟಕಿಯಾದರೂ ಇದೆ. ಅವನಿಗೆ ಮುಚ್ಚಲು ಇದ್ದದ್ದು ಆ ಟವೆಲ್ ಒಂದೇ.

ಜಗಳ ಅರ್ಧ ಅಲ್ಲೇ ಇಳಿಯಿತು. ಉಳಿದರ್ಧ ಇಳಿಸಿದವನು ಮೇಸ್ತ್ರಿ. ನನ್ನನ್ನು ನೋಡಿದ ಕೂಡಲೇ ಕೈ ಮುಗಿದು, "ಗುರುತು ಸಿಗಲಿಲ್ವಾ ಸಾರ್? ನಿಮ್ಮನೆ ಮೋಲ್ಡ್ ಹಾಕಿದ್ದು ನಾನೇ" ಅಂದ. ಹದಿನೈದು ವರ್ಷದ ಹಿಂದಿನ ಮಾತು. "ಆವಾಗ ನಿಮ್ಮ ಮರಳು ಎಲ್ಲಿ ಹೊಡೆಸಿದ್ವಿ ಹೇಳಿ? ಇದೇ ಹೆಂಚಿನ ಮನೆ ಗೇಟಿಗೆ. ಪಾಪ ಆ ಅಜ್ಜಿ, ಉಬ್ಬಸದವರು, ಎಂಟು ತಿಂಗಳು ಕಿಟಕಿ ತೆಗೀಲಿಲ್ಲ. ಒಂದ್ ಮಾತು ಅನ್ನಲಿಲ್ಲ ನೋಡಿ."

ಅಜ್ಜಿ ಗೃಹಪ್ರವೇಶಕ್ಕೆ ಬಂದಿದ್ದರು. ಸೆರಗು ಬಾಯಿಗೆ ಇಟ್ಟುಕೊಂಡೇ ಮೆಟ್ಟಿಲು ಹತ್ತಿ, ತಮ್ಮ ಮರದ ಸಂಪಿಗೆ ತುಂಬಿದ ತಟ್ಟೆ ಕೊಟ್ಟು, ಐವತ್ತೊಂದು ರೂಪಾಯಿ ಮುಯ್ಯಿ ಓದಿಸಿ ಹೋಗಿದ್ದರು. ನಾವು ಪುಸ್ತಕದಲ್ಲಿ ಬರೆದುಕೊಂಡಿದ್ದೆವು. ದುಡ್ಡಿನ ಮುಯ್ಯಿ ಅವರ ಮೊಮ್ಮಗಳ ಮದುವೆಯಲ್ಲಿ ತೀರಿತು. ಧೂಳಿನದು ನಾವು ಬರೆದುಕೊಂಡಿರಲಿಲ್ಲ. ನಮ್ಮ ರಸ್ತೆಯಲ್ಲಿ ಅದು ಹೀಗೇ ನಡೆದುಕೊಂಡು ಬಂದಿದೆ. ನಾನು ಕಟ್ಟುವಾಗ ನೀನು ಕುಡಿ, ನೀನು ಕಟ್ಟುವಾಗ ನಾನು ಕುಡಿಯುತ್ತೇನೆ. ನಡುವೆ ಅಧಿಸೂಚನೆಗೇನು ಕೆಲಸ?

ಮೊನ್ನೆ ಪಕ್ಕದ ಮನೆಯ ಗೃಹಪ್ರವೇಶ ಆಯಿತು. ಹೋಳಿಗೆ ಊಟ ಚೆನ್ನಾಗಿತ್ತು. ಓನರು ಕೈ ಹಿಡಿದು ಒಂದೊಂದೇ ರೂಮು ತೋರಿಸಿದರು. ಕಿಟಕಿಗಳಿಗೆಲ್ಲ ಡಬಲ್ ಗ್ಲಾಸು, ಒಂದು ಕಣ ಒಳಗೆ ಬರುವುದಿಲ್ಲವಂತೆ. ನಾಲ್ಕನೇ ಮಹಡಿಯಲ್ಲಿ ನಿಂತು ಆಚೆ ಪಕ್ಕದ ಸೈಟಿನ ಕಡೆ ನೋಡಿದರು. ಅಲ್ಲಿ ಜೆಸಿಬಿ ಬಂದು ನಿಂತಿತ್ತು, ಗೇಟಿಗೆ ಹೂವಿನ ಹಾರ ಹಾಕಿದ್ದರು. ಅವರ ಮುಖ ಸಣ್ಣಗಾಯಿತು.

"ನಾಳೆಯಿಂದ ಕೆಡವ್ತಾರಂತೆ ಸಾರ್. ಒಂದು ಪರದೆ ಇಲ್ಲ, ಏನಿಲ್ಲ. ಹೊಸ ಪೇಂಟು, ಮನೇಲಿ ಚಿಕ್ಕ ಮಗು ಬೇರೆ. ನೀವು ಇದರಲ್ಲೆಲ್ಲ ಓಡಾಡಿದವರು... ಯಾರಿಗೆ ಕಂಪ್ಲೇಂಟ್ ಕೊಡಬೇಕು?"

ನನ್ನ ಹತ್ತಿರ ಮೂರೂ ಕಚೇರಿಯ ನಂಬರು ಇದ್ದವು. ವಾಟ್ಸಾಪ್ ಮಾಡಿದೆ. ಜೊತೆಗೆ, ದೊಡ್ಡ ಕ್ಯಾಮೆರಾ ಇರುವ ಗೆಳೆಯನ ನಂಬರನ್ನೂ.