ಕರೆಸಿಕೊಳ್ಳೋದು ದೇವಿ ಕೆಲಸ, ಕಳಿಸಿಕೊಡೋದು ನಮ್ಮದು

"ದೇವಿ ಕರೆಸ್ಕೋಬೇಕು ಕಣೇ, ನಾವು ಹೋಗ್ತೀವಿ ಅಂದ್ರೆ ಆಗಲ್ಲ."

ನಮ್ಮ ಕಡೆ ಸಿಗಂದೂರಿನ, ಅಂದರೆ ಸಾಗರ ತಾಲೂಕಿನ ಶರಾವತಿ ಹಿನ್ನೀರಿನಾಚೆ ಇರುವ ದೇವಸ್ಥಾನದ ಮಾತು ಬಂದರೆ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ಅಲ್ಲಿನ ಚೌಡೇಶ್ವರಿ ಮೇಲೆ ನನಗೂ ಭಕ್ತಿ ಇದೆ. ಆದರೆ ಮನೆ ಹೆಂಗಸರಿಗೆ ಈ ಮಾತು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಅವರು ಹೋಗಲಾಗದೆ ಉಳಿಯುವುದಕ್ಕೆ ಬಹಳ ಸಲ ಕಾರಣ ದೇವಿಯಲ್ಲ, ಕೊಟ್ಟಿಗೆ.

ನಮ್ಮ ದೊಡ್ಡಮ್ಮನ ಊರು ರಿಪ್ಪನ್‌ಪೇಟೆ ಹತ್ತಿರ. ಎಕರೆ ಚಿಲ್ಲರೆ ಅಡಿಕೆ ತೋಟ. ಒಂದು ಮಳೆಗಾಲ ಕೊಳೆ ರೋಗ ಬಂದು ಹಸಿರು ಕಾಯಿಯೆಲ್ಲ ಮರದ ಬುಡಕ್ಕೆ ಉದುರಿತು. ಆಗ ಹರಕೆ ಹೊತ್ತರು. ತೋಟ ಉಳಿದರೆ ಸಿಗಂದೂರಿಗೆ ಬಂದು ಸಿಂಗಾರ (ಅಡಿಕೆ ಹೂವಿನ ಗೊನೆ) ಒಪ್ಪಿಸುತ್ತೇನೆ ಅಂತ. ಮಲೆನಾಡಿನಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ, ಎಷ್ಟೋ ತೋಟದ ಬೇಲಿಯಲ್ಲಿ ಚೌಡೇಶ್ವರಿಯ ಕಾವಲಿದೆ ಅಂತ ಬೋರ್ಡ್ ಇರುತ್ತದೆ. ತೋಟ ಕಾಯುವ ತಾಯಿ ಅವಳು. ಹರಕೆ ಬೇರೆ ಯಾರಿಗೆ ಹೊರಬೇಕು?

ಮುಂದಿನ ಬೇಸಿಗೆಯಲ್ಲಿ ಹೊರಟರು. ಆಗಿನ್ನೂ ಸೇತುವೆ ಇರಲಿಲ್ಲ. ಸಾಗರದಿಂದ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಹೋಗಿ ಲಾಂಚ್ ಹತ್ತಬೇಕಿತ್ತು. ಮನೆ ಕೆಲಸ ಮುಗಿಸಿ ಬಸ್ ಹತ್ತುವಾಗಲೇ ಮಧ್ಯಾಹ್ನ. ಆ ಬಸ್ ದಾರಿಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸಿಗೆ ಕಾದು, ಸಾಗರದಲ್ಲಿ ಮತ್ತೊಂದು ಹಿಡಿದು ಹೊಳೆಬಾಗಿಲು ಮುಟ್ಟುವಾಗ ಕೊನೆಯ ಲಾಂಚ್ ಹೋಗಿಯಾಗಿತ್ತು. ಹೊರಡುವಾಗ ಬೆಣ್ಣೆ ಬಣ್ಣಕ್ಕಿದ್ದ ಸಿಂಗಾರ ಸೆಕೆಗೆ ಬಾಡಿ, ತುದಿ ಕಂದಾಗಿತ್ತು. ಸಾಗರದ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಮತ್ತೆ ಹೋಗಬಹುದಿತ್ತು. ಉಳಿದರು, ಆದರೆ ಬೆಳಗಿನ ಮೊದಲ ಬಸ್ಸಿಗೆ ಊರಿಗೇ ವಾಪಸ್. ಅವರ ಹಸು ಬೇರೆಯವರ ಕೈಗೆ ಹಾಲು ಇಳಿಸುವುದಿಲ್ಲ.

2025ರ ಜುಲೈ 14ಕ್ಕೆ ಸಿಗಂದೂರಿಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಲಾಂಚ್‌ನ ಮಜಾ ಹೋಯ್ತು ಅಂತ ಬೇಜಾರು ಮಾಡಿಕೊಂಡವರ ಪೋಸ್ಟ್‌ಗಳನ್ನು ನಾನೂ ನೋಡಿದೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ತುಮರಿ, ಕರೂರು ಕಡೆಯ ಜನ ಹಿನ್ನೀರಿನ ಆಚೆ ಉಳಿದರು. ನಾಡಿಗೆ ಕರೆಂಟ್ ಕೊಡಲು ಮನೆ, ಗದ್ದೆ ಮುಳುಗಿಸಿಕೊಂಡವರು ಅವರು. ಹೆರಿಗೆ ನೋವು ಬಂದರೂ ಲಾಂಚ್ ಹೊತ್ತು ನೋಡಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಿತ್ತು. ಬೇಸಿಗೆ ಕೊನೆಗೆ ನೀರು ತೀರಾ ಇಳಿದರೆ ಲಾಂಚ್‌ಗೆ ವಾಹನ ಹತ್ತಿಸುತ್ತಿರಲಿಲ್ಲ, ಜನ ಮಾತ್ರ. ವರ್ಷಕ್ಕೊಮ್ಮೆ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದ ನಮಗೆ ಅದು ಮಜಾ. ಅವರಿಗೆ ಅದು ದಿನದ ಬದುಕಾಗಿತ್ತು.

ಸೇತುವೆ ಆಯ್ತಲ್ಲ, ಇನ್ನೇನು ಅಡ್ಡಿ ಅಂತ ಎಲ್ಲರೂ ದೊಡ್ಡಮ್ಮನನ್ನು ಕೇಳಿದರು. ಅಡ್ಡಿ ಒಂದಾ ಎರಡಾ?

ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಅದಕ್ಕೆ ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಮಳೆ ಬಿಟ್ಟು ಹೊಳವಾಗುವುದನ್ನೇ ಕಾಯಬೇಕು. ಔಷಧಿ ಹೊಡೆಯುವವರು ಯಾವ ದಿನ ಸಿಗುತ್ತಾರೋ ಆ ದಿನ ಮನೆಯಲ್ಲಿ ಅಡುಗೆಗೆ ಜನ ಬೇಕು. ಹೋಗಬೇಕು ಅಂದುಕೊಂಡ ದಿನವೇ ಬಿಸಿಲು ಬಂತು, ಅವರೂ ಬಂದರು. ಆಮೇಲೆ ದಾಯಾದಿ ಮನೆಯಲ್ಲಿ ಸಾವು, ಸೂತಕ. ಅದು ಕಳೆಯಿತು ಅನ್ನುವಷ್ಟರಲ್ಲಿ ಹಸು ಕರು ಹಾಕಿತು. ಆಮೇಲೆ ಅಡಿಕೆ ಕೊನೆ (ಗೊನೆ) ಕೊಯ್ಲು. ಅಡಿಕೆ ಸುಲಿಯುವವರಿಗೆ ರಾತ್ರಿ ಚಹಾ, ಬೆಳಿಗ್ಗೆ ಬೇಯಿಸುವ ಹಂಡೆಗೆ ಬೆಂಕಿ, ಅಂಗಳದ ತುಂಬ ಹರವು. ಮಂಡಿ ನೋವು ಯಾವತ್ತಿನಿಂದಲೋ ಇದ್ದೇ ಇದೆ.

ಇದರ ಮೇಲೆ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೇ. ಆದರೆ ನಮ್ಮ ಒಳಗಿನ ಊರುಗಳಿಗೆ ಬರುವುದು ಜಾಸ್ತಿ ಖಾಸಗಿ ಬಸ್ಸು. ಒಂದು ತಪ್ಪಿದರೆ ಆ ದಿನದ ಲೆಕ್ಕಾಚಾರವೇ ತಪ್ಪುತ್ತದೆ. ಕಾರಿರುವ ಮನೆಯವರಿಗೆ ಇದು ಅರ್ಥವಾಗುವುದು ಕಷ್ಟ.

ಬೆಟ್ಟ ಹತ್ತುವುದು, ಬರಿಗಾಲಲ್ಲಿ ನಡೆಯುವುದು ಇದನ್ನೆಲ್ಲ ನಾವು ದೊಡ್ಡ ಭಕ್ತಿ ಅಂತ ಹೊಗಳುತ್ತೇವೆ. ಕೈ ಮುಗಿಯಬೇಕಾದ್ದೇ. ಆದರೆ ಪ್ರತಿ ಸಲ ಬೇರೆಯವರ ಅನುಕೂಲಕ್ಕೆ ತನ್ನ ದಿನ ಮುಂದೆ ಹಾಕಿ, ಮುಖ ಸಿಂಡರಿಸದೆ ಮತ್ತೆ ಕ್ಯಾಲೆಂಡರ್ ಮುಂದೆ ನಿಂತು ಇನ್ನೊಂದು ಮಂಗಳವಾರಕ್ಕೆ ಗುರುತು ಹಾಕುತ್ತಾರಲ್ಲ, ಅದು ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು.

ಕೊನೆಗೆ ದೊಡ್ಡಮ್ಮ ದೇವಿ ಕರೆಯಲಿ ಅಂತ ಕಾಯಲಿಲ್ಲ. ಸಂಕ್ರಾಂತಿ ಜಾತ್ರೆ ಮುಗಿದ ಮೇಲೆ ನನ್ನ ಅಣ್ಣನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ತಮ್ಮ ಹಳೇ ಸೀರೆ ಅವನ ಹೆಗಲಿಗೆ ಹೊದಿಸಿ, ಹಸುವಿನ ಪಕ್ಕ ಕೂರಿಸಿದರು. ವಾಸನೆ ಗುರುತು ಸಿಗಲಿ ಅಂತ. ಮೊದಲ ದಿನ ಒದೆಯಿತು. ಆಮೇಲಾಮೇಲೆ ಚೊಂಬಿನ ತಳ ಮುಳುಗುವಷ್ಟು ಇಳಿಸಿತು. ಒಂದು ವಾರದಲ್ಲಿ ಸುಮಾರಾಗಿ ಹಾಲು ಕೊಡತೊಡಗಿತು. "ಸಾಕು ಮಾರಾಯ್ತಿ, ಎರಡು ಹೊತ್ತು ಹೆಂಗೋ ನಡೀತದೆ, ನಾಳೆ ಹೋಗಣ" ಅಂತ ನನಗೆ ಫೋನ್ ಬಂತು.

ಬೆಳಗಿನ ಬಸ್ಸಿಗೇ ಹೊರಟೆವು. ಸಿಂಗಾರಕ್ಕೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಅಡಿಕೆ ಹಾಳೆ ಕಟ್ಟಿದ್ದರು. ಸಾಲಿನಲ್ಲಿ ಮಂಡಿ ಹಿಡಿದುಕೊಂಡು ನಿಂತರು, ಕೂರಿ ಅಂದರೂ ಕೂರಲಿಲ್ಲ. ಒಳಗೆ ಅರ್ಚಕರು ಸಿಂಗಾರ ತೆಗೆದುಕೊಂಡಾಗ ದೊಡ್ಡಮ್ಮ ದೇವಿಗೆ ಒಂದೇ ಮಾತು ಅಂದರು: "ತಡ ಆಯ್ತು ತಾಯಿ, ತೋಟ ಚೆನ್ನಾಗಿದೆ."

ನಿಮ್ಮ ಮನೆಯಲ್ಲೂ ಹೀಗೆ ಹರಕೆ ಹೊತ್ತು ಕೂತವರು ಇರಬಹುದು. ಧರ್ಮಸ್ಥಳವೋ, ಹಣಗೆರೆಕಟ್ಟೆಯೋ, ಚರ್ಚಿನ ಹಬ್ಬವೋ, ಎಲ್ಲಿಗಾದರೂ ಆಗಲಿ. ಯಾವಾಗ ಹೋಗ್ತೀರಿ ಅಂತ ಸುಮ್ನೆ ಕೇಳಬೇಡಿ. ಆ ದಿನದ ಹಾಲು, ಅಡುಗೆ, ಬಸ್ಸಿನ ಟೈಮು, ಇದರಲ್ಲಿ ಯಾವುದು ನನ್ನ ಪಾಲಿಗೆ ಅಂತ ಕೇಳಿ.

ದೊಡ್ಡಮ್ಮ ಈಗ ಚಂದ್ರಗುತ್ತಿ ರೇಣುಕಾಂಬೆ ಅನ್ನುತ್ತಿದ್ದಾರೆ. ಅಲ್ಲಿ ಮೆಟ್ಟಿಲು ಹತ್ತಬೇಕು, ಮಂಡಿ ಡಾಕ್ಟರಿಗೆ ತೋರಿಸಿ ಹೋಗೋಣ ಅಂದಿದ್ದೇನೆ. ಸೊರಬದಿಂದ ಬೆಳಿಗ್ಗೆ ಯಾವ ಬಸ್ಸಿದೆ ಅಂತ ಗೊತ್ತಿರುವವರು ಕಾಮೆಂಟಿನಲ್ಲಿ ತಿಳಿಸಿ.